ಹತ್ತು ಪಾರ್ಟ್ಸ್ ಹಾಕಿದರೆ ಬೈಕ್ ಎಲ್ಲಿ ಬೇಕಾದರೂ ಹೋಗುತ್ತದೆಯೇ? ಆಫ್‌ರೋಡ್ ಮಾಡಿಫಿಕೇಶನ್ ಫಾರ್ವರ್ಡ್‌ಗಳ ಹಿಂದಿನ ಸತ್ಯ

"ನಿಮ್ಮ ಅಡ್ವೆಂಚರ್ ಬೈಕನ್ನು ಪಕ್ಕಾ ಆಫ್‌ರೋಡ್ ಗಾಡಿ ಮಾಡಬೇಕಾ? ಈ 10 ಪಾರ್ಟ್ಸ್ ಹಾಕಿಸಿ. ಕೆಸರು, ಕಲ್ಲು, ಮರಳು ಎಲ್ಲಿ ಬೇಕಾದರೂ ನುಗ್ಗಿ! ಬೈಕ್ ಪ್ರಿಯರಿಗೆಲ್ಲ ಶೇರ್ ಮಾಡಿ."

ಇಂಥ ಸಂದೇಶ ನಿಮ್ಮ ವಾಟ್ಸ್ಆ್ಯಪ್ ಗ್ರೂಪಿಗೂ ಬಂದಿರಬಹುದು. ಜೊತೆಗೆ ಒಂದು ಪಟ್ಟಿ ಇರುತ್ತದೆ: ಅಗಲದ ಟೈರ್, ದಪ್ಪ ಕ್ರ್ಯಾಶ್ ಗಾರ್ಡ್, ನಾಲ್ಕು ಎಲ್‌ಇಡಿ ಲೈಟ್, ಫ್ರೀ ಫ್ಲೋ ಸೈಲೆನ್ಸರ್, ಅಲ್ಯೂಮಿನಿಯಂ ಪೆಟ್ಟಿಗೆಗಳು. ಪಟ್ಟಿಯಲ್ಲಿರುವುದೆಲ್ಲ ಸುಳ್ಳಲ್ಲ. ಆದರೆ ಎಲ್ಲವೂ ನಿಜವೂ ಅಲ್ಲ. ಯಾವುದು ಯಾವ ನೆಲಕ್ಕೆ, ಯಾವುದು ಮೊದಲು, ಯಾವುದು ಕಾನೂನಿಗೆ ವಿರುದ್ಧ ಎಂಬುದನ್ನು ಆ ಪಟ್ಟಿ ಹೇಳುವುದಿಲ್ಲ. ಅದನ್ನು ಇಲ್ಲಿ ನೋಡೋಣ.

ಸಂಕ್ಷಿಪ್ತ ಉತ್ತರ

- ಹೆಚ್ಚು ಸಹಾಯ ಮಾಡುವುದು ಕಡಿಮೆ ಖರ್ಚಿನ ಕೆಲಸಗಳೇ: ಸರಿಯಾದ ಗಾಳಿ, ಸರಿಯಾದ ಟೈರ್, ಸಸ್ಪೆನ್ಷನ್ ಹೊಂದಾಣಿಕೆ, ಮಡ್‌ಗಾರ್ಡ್‌ನ ಅಂತರ.
- ಬೈಕಿಗೆ ಸೇರಿಸುವ ಪ್ರತಿ ಕೆ.ಜಿ. ಕೂಡ ಆಫ್‌ರೋಡ್‌ನಲ್ಲಿ ನಿಮ್ಮ ವಿರುದ್ಧ ಕೆಲಸ ಮಾಡುತ್ತದೆ.
- ಸೈಲೆನ್ಸರ್ ಬದಲಿಸುವುದು, ಚಾಸಿಸ್ ಕತ್ತರಿಸುವುದು, ಎಬಿಎಸ್ ಕಾಯಂ ತೆಗೆಯುವುದು ಅಪಾಯಕ್ಕೂ ದಂಡಕ್ಕೂ ದಾರಿ.
- ಒದ್ದೆ ಎರಿ ಮಣ್ಣಿನಲ್ಲಿ ಯಾವ ಪಾರ್ಟ್ಸ್ ಕೂಡ ಗ್ಯಾರಂಟಿ ಅಲ್ಲ.

ಈ ಲೇಖನಕ್ಕೆ ಕಾರಣವಾದ ಒಂದು ಘಟನೆ

ನಮ್ಮ ಸಂಬಂಧಿಕರ ಹುಡುಗನೊಬ್ಬ ದೇವದುರ್ಗದವನು. ಎರಡು ವರ್ಷ ದುಡಿದು ಒಂದು ಅಡ್ವೆಂಚರ್ ಬೈಕ್ ಕೊಂಡ. ಇಂಥದೇ ಒಂದು ಪಟ್ಟಿ ಇಟ್ಟುಕೊಂಡು ಸುಮಾರು ಅರವತ್ತು ಸಾವಿರ ರೂಪಾಯಿ ಖರ್ಚು ಮಾಡಿ ಗಾರ್ಡು, ಲೈಟು, ಪೆಟ್ಟಿಗೆ ಎಲ್ಲ ಹಾಕಿಸಿದ. ಮುಂಗಾರಿನ ಒಂದು ಸಂಜೆ, ಮಳೆ ನಿಂತ ಅರ್ಧ ಗಂಟೆಗೆ ಹೊಲದ ಬಂಡಿ ದಾರಿಗೆ ಗಾಡಿ ಇಳಿಸಿದ. ಇನ್ನೂರು ಮೀಟರ್ ಕೂಡ ಹೋಗಲಿಲ್ಲ. ಮುಂದಿನ ಟೈರ್ ಮತ್ತು ಮಡ್‌ಗಾರ್ಡ್ ನಡುವೆ ಮಣ್ಣು ತುಂಬಿ ಚಕ್ರ ತಿರುಗುವುದೇ ನಿಂತಿತು. ನಡೆಯುವ ವೇಗದಲ್ಲೇ ಗಾಡಿ ಪಕ್ಕಕ್ಕೆ ವಾಲಿ ಅವನ ಕಾಲ ಮೇಲೆ ಬಿತ್ತು. ಕಾಲಿನಲ್ಲಿದ್ದದ್ದು ಸಾದಾ ಕ್ಯಾನ್ವಾಸ್ ಶೂ. ಹಿಮ್ಮಡಿ ಗಂಟಿನ ಮೂಳೆ ಬಿರುಕು ಬಿಟ್ಟಿತು. ಆ ಹಂಗಾಮಿನ ಬಿತ್ತನೆಗೆ ಅವನು ಹೊಲಕ್ಕೆ ಇಳಿಯಲಿಲ್ಲ.

ಗಾಡಿ ಎತ್ತಲು ಬಂದ ಹಿರಿಯರೊಬ್ಬರು ತಮ್ಮ ಹಳೆಯ ನೂರು ಸಿಸಿ ಬೈಕನ್ನು ಟಾರು ರಸ್ತೆಯ ಮೇಲೇ ನಿಲ್ಲಿಸಿ ಬಂದಿದ್ದರು. "ಎರಿ ಹಸಿ ಇದ್ದಾಗ ನಾವ್ ಎತ್ತು ಸುದ್ದಾ ಇಳಸಂಗಿಲ್ಲ, ನೀ ಗಾಡಿ ಇಳಿಸೀಯಲ್ಲ" ಅಂದರಂತೆ.

ಆ ಮಾತಿನಲ್ಲಿ ವಿಜ್ಞಾನವೇ ಇದೆ. ಬೈಕ್ ಬದಲಿಸುವ ಮೊದಲು ನೆಲ ಏನು ಎಂದು ತಿಳಿಯಬೇಕು.

ನಮ್ಮ ನೆಲದಲ್ಲಿ 'ಆಫ್‌ರೋಡ್' ಅಂದರೆ ಏನು?

ಯೂಟ್ಯೂಬ್ ವಿಡಿಯೋಗಳಲ್ಲಿ ಆಫ್‌ರೋಡ್ ಅಂದರೆ ಲಡಾಖ್‌ನ ಕಲ್ಲುದಾರಿ ಅಥವಾ ಪಶ್ಚಿಮ ಘಟ್ಟದ ಕೆಂಪು ಕೆಸರು. ರಾಯಚೂರು ಜಿಲ್ಲೆಯ ಕಥೆಯೇ ಬೇರೆ. ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಈ ದೋಆಬ್ ಪ್ರದೇಶದಲ್ಲಿ ಒಂದೇ ದಿನದ ಸವಾರಿಯಲ್ಲಿ ನಾಲ್ಕು ಬಗೆಯ ನೆಲ ಸಿಗುತ್ತದೆ.

- ಎರಿ ಮಣ್ಣು: ಹತ್ತಿ, ಜೋಳ, ತೊಗರಿ ಬೆಳೆಯುವ ಕಪ್ಪು ಭೂಮಿ. ಒಣಗಿದಾಗ ಕಲ್ಲಿನಂತೆ ಗಟ್ಟಿ, ಬೇಸಿಗೆಯಲ್ಲಿ ಅಗಲದ ಬಿರುಕು, ಹಸಿಯಾದರೆ ಅಂಟು.
- ಮಸಾರಿ: ಕೆಂಪು ನೆಲ. ಗರಸು ಬೆರೆತಿರುವುದರಿಂದ ನೀರು ಬೇಗ ಬಸಿಯುತ್ತದೆ. ಮಳೆಯ ನಂತರವೂ ಸಾಮಾನ್ಯವಾಗಿ ಓಡಿಸಬಹುದು.
- ಕಲ್ಲುಗುಡ್ಡ ಮತ್ತು ಹಳ್ಳ: ಗ್ರಾನೈಟ್ ಜಾತಿಯ ಗಟ್ಟಿ ಬಂಡೆ. ಎಂಜಿನ್ ತಳಕ್ಕೆ ಶತ್ರು.
- ಮರಳು ಮತ್ತು ಕಾಲುವೆ ದಂಡೆ: ತಿಂಥಣಿ ಬ್ರಿಡ್ಜ್ ಕಡೆಯ ಕೃಷ್ಣಾ ತೀರದ ಮರಳು, ನಾರಾಯಣಪುರ ಬಲದಂಡೆ ಕಾಲುವೆಯ ಪಕ್ಕದ ದಾರಿಗಳು, ಮಾನ್ವಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಗದ್ದೆಗಳ ಬದು.

ಎರಿ ಮಣ್ಣು ಏಕೆ ಅಷ್ಟು ಅಂಟುತ್ತದೆ? ಅದರಲ್ಲಿ ಸ್ಮೆಕ್ಟೈಟ್ ಗುಂಪಿನ ಜೇಡಿ ಖನಿಜಗಳಿವೆ. ಮಾಂಟ್‌ಮೊರಿಲೊನೈಟ್ ಅದರಲ್ಲಿ ಮುಖ್ಯವಾದುದು. ಈ ಖನಿಜದ ಕಣಗಳು ಪುಸ್ತಕದ ಹಾಳೆಗಳಂತೆ ಒಂದರ ಮೇಲೊಂದು ಪದರವಾಗಿರುತ್ತವೆ. ನೀರು ಆ ಪದರಗಳ ನಡುವೆ ನುಗ್ಗಿ ಅವನ್ನು ದೂರ ತಳ್ಳುತ್ತದೆ, ಮಣ್ಣು ಉಬ್ಬುತ್ತದೆ. ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತದೆ. ಉಬ್ಬಿದ ಸ್ಥಿತಿಯಲ್ಲಿ ಅದು ಟೈರಿಗೆ ಅಂಟುತ್ತದೆ, ಅಂಟಿದ ಮಣ್ಣಿಗೆ ಮತ್ತಷ್ಟು ಮಣ್ಣು ಅಂಟುತ್ತದೆ. ಟೈರಿನ ಗುಂಡಿಗಳೆಲ್ಲ ಮುಚ್ಚಿ ಅದು ನುಣ್ಣನೆಯ ಉರುಳೆಯಾಗಿ ಬಿಡುತ್ತದೆ. ಇಲ್ಲಿ ಸಮಸ್ಯೆ ಹಿಡಿತದ್ದು ಮಾತ್ರವಲ್ಲ, ಅಂತರದ್ದೂ ಹೌದು. ಅದಕ್ಕೇ ನಮ್ಮ ಪಟ್ಟಿಯಲ್ಲಿ ಮೊದಲ ಸ್ಥಾನ ಮಡ್‌ಗಾರ್ಡ್‌ಗೆ.

ಫಾರ್ವರ್ಡ್ ಹೇಳದೇ ಇರುವುದು: ಮಡ್‌ಗಾರ್ಡ್

ಸಾದಾ ಬೈಕಿನ ಮುಂದಿನ ಮಡ್‌ಗಾರ್ಡ್ ಟೈರಿಗೆ ಬಹಳ ಹತ್ತಿರ ಇರುತ್ತದೆ. ಅದು ಚಕ್ರದ ಜೊತೆಗೇ ಮೇಲೆ ಕೆಳಗೆ ಚಲಿಸುವುದರಿಂದ ಹಾಗಿದ್ದರೂ ನಡೆಯುತ್ತದೆ. ಟಾರು ರಸ್ತೆಯಲ್ಲಿ ನೀರು ಸಿಡಿಯದಂತೆ ತಡೆಯಲು ಅದು ಒಳ್ಳೆಯದು. ಆದರೆ ಎರಿ ಮಣ್ಣಿಗೆ ಆ ಸಣ್ಣ ಅಂತರ ಅಚ್ಚಿನಂತೆ ಕೆಲಸ ಮಾಡುತ್ತದೆ. ಮಣ್ಣು ತುಂಬಿ, ಒತ್ತಿ, ಬ್ರೇಕ್ ಹಾಕಿದಂತೆ ಚಕ್ರವನ್ನು ಹಿಡಿಯುತ್ತದೆ. ಮುಂದಿನ ಚಕ್ರ ತಿರುಗದೆ ಜಾರತೊಡಗಿದರೆ ಹ್ಯಾಂಡಲ್ ತಿರುಗಿಸಿ ಸಮತೋಲನ ಮಾಡಿಕೊಳ್ಳುವ ಅವಕಾಶವೇ ಇರುವುದಿಲ್ಲ.

ಮೋಟೋಕ್ರಾಸ್ ಬೈಕ್‌ಗಳ ಮಡ್‌ಗಾರ್ಡ್ ಎತ್ತರದಲ್ಲಿ, ಕೊಕ್ಕಿನಂತೆ ಇರುವುದು ಅಂದಕ್ಕಲ್ಲ. ಅದನ್ನು ಫೋರ್ಕ್‌ನ ಮೇಲ್ಭಾಗದ ಕ್ಲ್ಯಾಂಪ್‌ಗೆ ಕೂಡಿಸಿರುತ್ತಾರೆ. ಸಸ್ಪೆನ್ಷನ್ 200 ಮಿ.ಮೀ. ಕುಗ್ಗುವಂತಿದ್ದರೆ ಟೈರ್ ಮತ್ತು ಮಡ್‌ಗಾರ್ಡ್ ನಡುವೆ ಅದಕ್ಕಿಂತ ಹೆಚ್ಚು ಜಾಗ ಬೇಕೇ ಬೇಕು. ಆ ಜಾಗದಲ್ಲಿ ಮಣ್ಣು ನಿಲ್ಲದೆ ಉದುರುತ್ತದೆ.

ನಿಮ್ಮ ಬೈಕಿನಲ್ಲಿ ಕೆಳಗಿನ ಮಡ್‌ಗಾರ್ಡ್ ಇದ್ದರೆ, ಅದೇ ಮಾದರಿಗೆ ಕಂಪನಿ ಕೊಡುವ ಎತ್ತರದ ಕಿಟ್ ಇದೆಯೇ ಎಂದು ಮೊದಲು ನೋಡಿ. ಇಲ್ಲದಿದ್ದರೆ ಸ್ಪೇಸರ್ ಹಾಕಿ ಸ್ವಲ್ಪ ಎತ್ತರಿಸಬಹುದೇ ಎಂದು ಮೆಕ್ಯಾನಿಕ್‌ನನ್ನು ಕೇಳಿ. ಆದರೆ ಕೆಲವು ಬೈಕ್‌ಗಳಲ್ಲಿ ಮಡ್‌ಗಾರ್ಡ್ ಒಳಗಿನ ಕಬ್ಬಿಣದ ಪಟ್ಟಿ ಎರಡು ಫೋರ್ಕ್ ಕಾಲುಗಳನ್ನೂ ಬಿಗಿಯಾಗಿ ಹಿಡಿದಿರುತ್ತದೆ. ಅದನ್ನು ಕಿತ್ತೆಸೆದರೆ ಹ್ಯಾಂಡಲ್ ನಡುಗುತ್ತದೆ. ಕಿತ್ತು ಹಾಕುವುದು ಪರಿಹಾರವಲ್ಲ.

ಹೇಳಿಕೆ 1: "ಅಗಲದ ಟೈರ್ ಹಾಕಿದರೆ ಹಿಡಿತ ಹೆಚ್ಚು"

ತೀರ್ಪು: ಬಹುತೇಕ ತಪ್ಪು

ಪ್ರತಿ ರಿಮ್‌ಗೂ ಹೊಂದುವ ಟೈರಿನ ಅಗಲಕ್ಕೆ ಮಿತಿ ಇದೆ. ಸಣ್ಣ ರಿಮ್‌ಗೆ ಅಗಲದ ಟೈರ್ ಕೂಡಿಸಿದರೆ ಅದರ ಬದಿಗಳು ಒಳಕ್ಕೆ ಹಿಸುಕಿ ಮೇಲ್ಮೈ ದುಂಡಗಾಗುತ್ತದೆ. ಆಗ ನೆಲಕ್ಕೆ ತಾಗುವ ಭಾಗ ನೀವಂದುಕೊಂಡಷ್ಟು ಹೆಚ್ಚುವುದಿಲ್ಲ. ಸ್ವಿಂಗ್‌ಆರ್ಮ್ ಮತ್ತು ಚೈನ್ ಹತ್ತಿರದ ಜಾಗವೂ ಕಡಿಮೆಯಾಗುತ್ತದೆ. ಎರಿ ಮಣ್ಣಿನಲ್ಲಿ ಅದೂ ತುಂಬಿಕೊಳ್ಳುತ್ತದೆ.

ಆಫ್‌ರೋಡ್‌ನಲ್ಲಿ ಮುಖ್ಯವಾಗುವುದು ಮೂರು ಸಂಗತಿ. ಒಂದು, ಮುಂದಿನ ಚಕ್ರದ ಎತ್ತರ. 21 ಇಂಚಿನ ಚಕ್ರ ಕಲ್ಲು ಅಥವಾ ಬಿರುಕನ್ನು 17 ಇಂಚಿನ ಚಕ್ರಕ್ಕಿಂತ ಕಡಿಮೆ ಕೋನದಲ್ಲಿ ಎದುರಿಸುವುದರಿಂದ ಸುಲಭವಾಗಿ ಹತ್ತಿ ದಾಟುತ್ತದೆ. ರಾಯಲ್ ಎನ್‌ಫೀಲ್ಡ್ ಹಿಮಾಲಯನ್, ಹೀರೋ ಎಕ್ಸ್‌ಪಲ್ಸ್ ಎರಡರಲ್ಲೂ ಮುಂದೆ 21 ಇಂಚಿನ ಚಕ್ರ ಇರುವುದು ಇದೇ ಕಾರಣಕ್ಕೆ. ಎರಡು, ಟೈರಿನ ಗುಂಡಿಗಳ ನಡುವಿನ ಜಾಗ. ಜಾಗ ಹೆಚ್ಚಿದ್ದರೆ ತಿರುಗುವಾಗ ಮಣ್ಣು ಸಿಡಿದು ಹೋಗುತ್ತದೆ. ಮೂರು, ಗಾಳಿಯ ಒತ್ತಡ.

ದೊಡ್ಡ ಗುಂಡಿಯ ಟೈರಿಗೆ ಒಂದು ಬೆಲೆಯೂ ಇದೆ. ಒದ್ದೆ ಟಾರು ರಸ್ತೆಯಲ್ಲಿ ಅದರ ಹಿಡಿತ ಕಡಿಮೆ, ಸವೆತ ಬೇಗ. ವಾರಕ್ಕೆ ಆರು ದಿನ ದೇವದುರ್ಗದಿಂದ ರಾಯಚೂರಿಗೆ ಟಾರು ರಸ್ತೆಯಲ್ಲೇ ಓಡಾಡುವವರಿಗೆ ಅರ್ಧ ರಸ್ತೆ, ಅರ್ಧ ಮಣ್ಣಿಗೆ ಮಾಡಿದ ಟೈರ್ ಸಾಕು.

ಹೇಳಿಕೆ 2: "ಮಣ್ಣಿಗೆ ಇಳಿಯುವಾಗ ಗಾಳಿ ತೆಗೆಯಿರಿ"

ತೀರ್ಪು: ಸರಿ, ಆದರೆ ಪೂರ್ತಿ ಹೇಳಿಲ್ಲ

ಸರಳ ಲೆಕ್ಕ ಮಾಡೋಣ. 196 ಕೆ.ಜಿ. ಬೈಕ್, 75 ಕೆ.ಜಿ. ಸವಾರ. ಹಿಂದಿನ ಚಕ್ರದ ಮೇಲೆ ಸುಮಾರು 140 ಕೆ.ಜಿ. ಭಾರ ಬೀಳುತ್ತದೆ ಎಂದುಕೊಳ್ಳಿ. ಟೈರಿನಲ್ಲಿ 32 ಪಿಎಸ್‌ಐ ಗಾಳಿ ಇದ್ದರೆ ಒಂದು ಚದರ ಸೆಂ.ಮೀ.ಗೆ ಸುಮಾರು 2.25 ಕೆ.ಜಿ. ಒತ್ತಡ. ಅಷ್ಟು ಭಾರ ಹೊರಲು ನೆಲಕ್ಕೆ ತಾಗಬೇಕಾದ ಜಾಗ ಸುಮಾರು 62 ಚದರ ಸೆಂ.ಮೀ. ಗಾಳಿಯನ್ನು 20 ಪಿಎಸ್‌ಐಗೆ ಇಳಿಸಿದರೆ ಅದು ಸುಮಾರು 100 ಚದರ ಸೆಂ.ಮೀ. ಆಗುತ್ತದೆ. ಟೈರಿನ ಬದಿಗಳೂ ಸ್ವಲ್ಪ ಭಾರ ಹೊರುವುದರಿಂದ ನಿಜದಲ್ಲಿ ವ್ಯತ್ಯಾಸ ಇದಕ್ಕಿಂತ ಕಡಿಮೆ. ಆದರೂ ಒಂದು ರೂಪಾಯಿ ಖರ್ಚಿಲ್ಲದೆ ಸಿಗುವ ಲಾಭ ಇದು.

ಈಗ ಫಾರ್ವರ್ಡ್ ಬಿಟ್ಟ ಭಾಗ. ಮರಳಿನಲ್ಲಿ, ಸಡಿಲ ಗರಸಿನಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಅಂಟು ಎರಿ ಮಣ್ಣಿನಲ್ಲಿ ಲಾಭ ಕಡಿಮೆ, ಏಕೆಂದರೆ ಟೈರ್ ಮುಚ್ಚಿಹೋದ ಮೇಲೆ ನೆಲಕ್ಕೆ ತಾಗುವುದು ಮಣ್ಣೇ. ಚೂಪು ಕಲ್ಲಿನ ದಾರಿಯಲ್ಲಿ ಗಾಳಿ ತೀರಾ ಕಡಿಮೆ ಮಾಡಿದರೆ ಟ್ಯೂಬ್ ರಿಮ್‌ಗೂ ಕಲ್ಲಿಗೂ ನಡುವೆ ಸಿಕ್ಕಿ ಪಂಕ್ಚರ್ ಆಗುತ್ತದೆ, ರಿಮ್ ಕೂಡ ಬಾಗಬಹುದು.

ಎಲ್ಲಕ್ಕಿಂತ ಮುಖ್ಯ ವಿಷಯ ಮರಳಿ ಟಾರು ರಸ್ತೆಗೆ ಬಂದಾಗಿನದು. ನಮ್ಮ ಭಾಗದಲ್ಲಿ ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ಕಡಿಮೆ ಗಾಳಿಯ ಟೈರ್ ವೇಗದಲ್ಲಿ ಹೆಚ್ಚು ಮಡಚಿ ಬಿಚ್ಚಿ ಒಳಗೇ ಬಿಸಿಯಾಗುತ್ತದೆ. ಬಿಸಿ ರಸ್ತೆ ಅದಕ್ಕೆ ಸೇರಿದರೆ ಟೈರ್ ಒಡೆಯುವ ಸಾಧ್ಯತೆ ಇದೆ. ಆದ್ದರಿಂದ ಗಾಳಿ ತೆಗೆಯುವವನ ಬಳಿ ಗೇಜ್ ಮತ್ತು ಪಂಪ್ ಎರಡೂ ಇರಲೇಬೇಕು. ಅವಿಲ್ಲದಿದ್ದರೆ ಗಾಳಿ ಮುಟ್ಟಬೇಡಿ.

ನೈಟ್ರೋಜನ್ ತುಂಬಿಸಿದರೆ ಈ ಸಮಸ್ಯೆಯೇ ಇಲ್ಲ ಎನ್ನುವ ಮಾತೂ ಓಡಾಡುತ್ತದೆ. ನಾವು ಉಸಿರಾಡುವ ಗಾಳಿಯಲ್ಲೇ 78% ನೈಟ್ರೋಜನ್ ಇದೆ. ಅದಕ್ಕಿಂತ ವಾರಕ್ಕೊಮ್ಮೆ ಗೇಜ್ ಹಿಡಿದು ನೋಡುವುದು ಉಪಯುಕ್ತ.

ಹೇಳಿಕೆ 3: "ಎಂಜಿನ್ ಪವರ್ ಹೆಚ್ಚಿದಷ್ಟೂ ಗಾಡಿ ಎಲ್ಲಿ ಬೇಕಾದರೂ ನುಗ್ಗುತ್ತದೆ"

ತೀರ್ಪು: ತಪ್ಪು

ಜಗತ್ತಿನ ಅತಿ ಕಠಿಣ ರ‍್ಯಾಲಿ ಎನಿಸಿಕೊಂಡ ಡಕಾರ್‌ನಲ್ಲಿ 2011ರಿಂದ ಬೈಕ್‌ಗಳಿಗೆ 450 ಸಿಸಿ ಮಿತಿ ಇದೆ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ಪೂರ್ಣಗೊಳಿಸಿದ ಮೊದಲ ಭಾರತೀಯರಾದರು, 36ನೇ ಸ್ಥಾನ ಪಡೆದರು. ಬಿಗ್ ಬಾಸ್ ಮೂಲಕ ನಿಮಗೆ ಗೊತ್ತಿರುವ ಉಡುಪಿಯ ಕೆ.ಪಿ. ಅರವಿಂದ್ 2019ರಲ್ಲಿ ಅದೇ ರ‍್ಯಾಲಿ ಮುಗಿಸಿದರು. ಸಾವಿರಾರು ಕಿ.ಮೀ. ಮರಳು, ಕಲ್ಲು ದಾಟಲು 450 ಸಿಸಿ ಸಾಕಾಗಿದ್ದರೆ, ಹೊಲದ ದಾರಿಗೆ ಪವರ್ ಕೊರತೆ ಎನ್ನುವುದು ನೆಪ ಮಾತ್ರ.

ಅಲ್ಲಿ ಗೆಲ್ಲಿಸುವುದು ಹಗುರತನ, ಸಸ್ಪೆನ್ಷನ್ ಮತ್ತು ಸವಾರನ ತರಬೇತಿ. ಅಷ್ಟೆಲ್ಲ ತರಬೇತಿ, ರಕ್ಷಣಾ ಸಾಮಗ್ರಿ ಇದ್ದೂ ಸಂತೋಷ್ 2021ರ ಡಕಾರ್‌ನಲ್ಲಿ ಬಿದ್ದು ತಲೆಗೆ ಗಂಭೀರ ಗಾಯವಾಗಿ ಆಸ್ಪತ್ರೆ ಸೇರಬೇಕಾಯಿತು ಎಂಬುದನ್ನೂ ನೆನಪಿಡಿ.

ಫ್ರೀ ಫ್ಲೋ ಸೈಲೆನ್ಸರ್ ಹಾಕಿದರೆ ಶಬ್ದ ಹೆಚ್ಚುತ್ತದೆ. ಪವರ್ ಹೆಚ್ಚಿದಂತೆ ಅನಿಸುವುದಕ್ಕೆ ಬಹುಪಾಲು ಆ ಶಬ್ದವೇ ಕಾರಣ. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 ಬೈಕ್‌ಗಳ ಸೈಲೆನ್ಸರ್‌ನಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್, ಆಮ್ಲಜನಕ ಅಳೆಯುವ ಸೆನ್ಸರ್ ಇರುತ್ತವೆ. ಅದನ್ನು ಬದಲಿಸಿದರೆ ಇಂಧನ ಲೆಕ್ಕವೇ ತಪ್ಪಬಹುದು.

ಏರ್ ಫಿಲ್ಟರ್ ತೆಗೆದು ಓಡಿಸುವ ಸಲಹೆ ಇನ್ನೂ ಅಪಾಯಕಾರಿ. ನಮ್ಮ ಬೇಸಿಗೆಯ ಧೂಳಿನಲ್ಲಿ ಸಿಲಿಕಾ ಕಣಗಳಿರುತ್ತವೆ. ಅವು ಕಬ್ಬಿಣವನ್ನೂ ಗೀರುವಷ್ಟು ಗಟ್ಟಿ. ಎಂಜಿನ್ ಒಳಗೆ ಹೋದರೆ ಸಿಲಿಂಡರ್ ಗೋಡೆಯನ್ನು ಮರಳು ಕಾಗದದಂತೆ ಉಜ್ಜುತ್ತವೆ. ಧೂಳಿನ ದಾರಿಯಲ್ಲಿ ಓಡುವ ಬೈಕಿಗೆ ಬೇಕಾದದ್ದು ಫಿಲ್ಟರನ್ನು ಸರ್ವೀಸ್ ಪುಸ್ತಕ ಹೇಳಿದ್ದಕ್ಕಿಂತ ಬೇಗ ಬೇಗ ನೋಡುವ ಅಭ್ಯಾಸ.

ಹೇಳಿಕೆ 4: "ಎಲ್ಲ ಕಡೆ ಗಾರ್ಡ್ ಹಾಕಿಸಿ, ಗಾಡಿ ಸೇಫ್"

ತೀರ್ಪು: ಅರ್ಧ ಸತ್ಯ

ಎರಡು ಗಾರ್ಡ್‌ಗಳು ನಿಜಕ್ಕೂ ಬೇಕು. ಒಂದು, ಎಂಜಿನ್ ತಳದ ಬ್ಯಾಶ್ ಪ್ಲೇಟ್. ಹಳ್ಳದ ಕಲ್ಲು ಎಂಜಿನ್ ಕೇಸ್ ಒಡೆದರೆ ಆಯಿಲ್ ಸೋರಿ ಗಾಡಿ ಅಲ್ಲೇ ನಿಲ್ಲುತ್ತದೆ. ಮತ್ತೊಂದು, ಒಳಗೆ ಲೋಹದ ಪಟ್ಟಿ ಇರುವ ಹ್ಯಾಂಡ್ ಗಾರ್ಡ್. ಗಾಡಿ ಬಿದ್ದಾಗ ಮೊದಲು ಮುರಿಯುವುದು ಕ್ಲಚ್ ಅಥವಾ ಬ್ರೇಕ್ ಲಿವರ್. ಎಂಜಿನ್‌ಗೆ ರೇಡಿಯೇಟರ್ ಇದ್ದರೆ ಅದಕ್ಕೆ ಒಂದು ಜಾಲರಿಯೂ ಇರಲಿ.

ಉಳಿದದ್ದೆಲ್ಲ ತೂಕ. ಕ್ರ್ಯಾಶ್ ಗಾರ್ಡ್, ರ‍್ಯಾಕ್, ಎರಡು ಪಕ್ಕದ ಪೆಟ್ಟಿಗೆ, ಒಂದು ಹಿಂದಿನ ಪೆಟ್ಟಿಗೆ ಸೇರಿದರೆ ಖಾಲಿ ಇದ್ದಾಗಲೇ ಸುಲಭವಾಗಿ 20ರಿಂದ 25 ಕೆ.ಜಿ. ಆಗುತ್ತದೆ. 450 ಸಿಸಿ ಹಿಮಾಲಯನ್ ತೂಕವೇ 196 ಕೆ.ಜಿ. 200 ಸಿಸಿ ಎಕ್ಸ್‌ಪಲ್ಸ್ ಅದಕ್ಕಿಂತ ಸುಮಾರು 40 ಕೆ.ಜಿ. ಹಗುರ. ಈ 40 ಕೆ.ಜಿ. ಲಾಭವನ್ನು ಅರ್ಧಕ್ಕರ್ಧ ಪೆಟ್ಟಿಗೆಗಳಿಗೇ ಕೊಡುವುದು ಎಂಥ ವ್ಯಾಪಾರ?

ಒಂದು ಪರೀಕ್ಷೆ ಮಾಡಿ. ಗಾಡಿಯನ್ನು ಮೆತ್ತನೆಯ ನೆಲದ ಮೇಲೆ ಪಕ್ಕಕ್ಕೆ ಮಲಗಿಸಿ, ನೀವೊಬ್ಬರೇ ಎತ್ತಿ. ಮೂರು ಬಾರಿ ಎತ್ತಲಾಗದಿದ್ದರೆ ಆ ಗಾಡಿಯಲ್ಲಿ ಒಬ್ಬರೇ ಆಫ್‌ರೋಡ್ ಹೋಗಬೇಡಿ. ಸಾಮಾನು ಒಯ್ಯಲೇಬೇಕಿದ್ದರೆ ಬಟ್ಟೆಯ ಚೀಲ ಒಳ್ಳೆಯದು. ಹಗುರವಷ್ಟೇ ಅಲ್ಲ, ಬಿದ್ದಾಗ ಗಟ್ಟಿ ಪೆಟ್ಟಿಗೆಯ ಕೆಳಗೆ ಕಾಲು ಸಿಕ್ಕಿಕೊಳ್ಳುವ ಅಪಾಯವೂ ಕಡಿಮೆ.

ಹೇಳಿಕೆ 5: "ಪ್ರೀಲೋಡ್ ತಿರುಗಿಸಿದರೆ ಸಸ್ಪೆನ್ಷನ್ ಗಟ್ಟಿಯಾಗುತ್ತದೆ"

ತೀರ್ಪು: ತಪ್ಪು

ಇದು ಮೆಕ್ಯಾನಿಕ್‌ಗಳ ಬಾಯಲ್ಲೂ ಕೇಳುವ ಮಾತು. ಸ್ಪ್ರಿಂಗ್‌ನ ಬಿಗಿತ ಅದರ ತಂತಿಯ ದಪ್ಪ, ಸುರುಳಿಯ ಅಗಲ ಮತ್ತು ಸುತ್ತುಗಳ ಸಂಖ್ಯೆಯ ಮೇಲೆ ನಿಂತಿದೆ. ಪ್ರೀಲೋಡ್ ಅದನ್ನು ಬದಲಿಸುವುದಿಲ್ಲ. ನೀವು ಕೂತಾಗ ಗಾಡಿ ಎಷ್ಟು ಕುಗ್ಗಿ ನಿಲ್ಲುತ್ತದೆ ಎಂಬುದನ್ನು ಮಾತ್ರ ಬದಲಿಸುತ್ತದೆ. ಆ ಕುಗ್ಗುವಿಕೆಗೆ ಸ್ಯಾಗ್ ಎನ್ನುತ್ತಾರೆ.

ಅಳೆಯುವುದು ಸುಲಭ. ಗಾಡಿಯನ್ನು ಎತ್ತಿ ಹಿಂದಿನ ಚಕ್ರ ನೆಲ ಬಿಟ್ಟಾಗ, ಚಕ್ರದ ಅಚ್ಚಿನಿಂದ ಸೀಟಿನ ಕೆಳಗಿನ ಒಂದು ಗುರುತಿಗೆ ಟೇಪ್ ಹಿಡಿದು ಅಳೆಯಿರಿ. ನಂತರ ನೀವು ಎಂದಿನ ಬಟ್ಟೆ, ಚೀಲ ಸಮೇತ ಕೂತು ಗೆಳೆಯನಿಂದ ಮತ್ತೆ ಅಳೆಸಿ. ಎರಡರ ವ್ಯತ್ಯಾಸ ಒಟ್ಟು ಚಲನೆಯ ಮೂರನೇ ಒಂದು ಭಾಗದ ಹತ್ತಿರ ಇರಬೇಕು. 200 ಮಿ.ಮೀ. ಚಲನೆ ಇರುವ ಬೈಕಿಗೆ ಅದು ಸುಮಾರು 60ರಿಂದ 65 ಮಿ.ಮೀ. ಪ್ರೀಲೋಡ್ ಪೂರ್ತಿ ತಿರುಗಿಸಿದರೂ ಗಾಡಿ ಹೆಚ್ಚು ಕುಸಿಯುತ್ತಿದ್ದರೆ ಆಗ ಮಾತ್ರ ನಿಮ್ಮ ತೂಕಕ್ಕೆ ತಕ್ಕ ಸ್ಪ್ರಿಂಗ್ ಬೇಕು.

ಹೇಳಿಕೆ 6: "ನಿಂತು ಓಡಿಸಿದರೆ ಗುರುತ್ವ ಕೇಂದ್ರ ಕೆಳಗಿಳಿಯುತ್ತದೆ"

ತೀರ್ಪು: ಕಾರಣ ತಪ್ಪು, ಸಲಹೆ ಸರಿ

ನೀವು ಎದ್ದು ನಿಂತರೆ ನಿಮ್ಮ ದೇಹ ಮೇಲೆ ಹೋಗುತ್ತದೆ, ಒಟ್ಟು ಗುರುತ್ವ ಕೇಂದ್ರವೂ ಮೇಲೆಯೇ ಹೋಗುತ್ತದೆ. ಲಾಭ ಬೇರೆ ಕಡೆ ಇದೆ. ನಿಂತಾಗ ಮೊಣಕಾಲುಗಳು ಎರಡನೇ ಸಸ್ಪೆನ್ಷನ್ ಆಗಿ ಕೆಲಸ ಮಾಡುತ್ತವೆ. ಗಾಡಿ ನಿಮ್ಮ ಕೆಳಗೆ ಎಡಕ್ಕೆ ಬಲಕ್ಕೆ ಅಲುಗಾಡಿದರೂ ದೇಹ ನೇರ ಇರುತ್ತದೆ. ಮುಂದಿನ ದಾರಿಯೂ ದೂರದವರೆಗೆ ಕಾಣುತ್ತದೆ.

ಹಾಗಾಗಿ ಅಗಲದ ಫುಟ್‌ಪೆಗ್ ಮತ್ತು ನಿಮ್ಮ ಎತ್ತರಕ್ಕೆ ತಕ್ಕ ಹ್ಯಾಂಡಲ್ ರೈಸರ್ ಉಪಯುಕ್ತ ಖರ್ಚು. ರೈಸರ್ ಕೊಳ್ಳುವ ಮೊದಲು ಈಗಿರುವ ಹ್ಯಾಂಡಲನ್ನೇ ಕ್ಲ್ಯಾಂಪ್ ಸಡಿಲಿಸಿ ಸ್ವಲ್ಪ ಮುಂದಕ್ಕೆ ತಿರುಗಿಸಿ ನೋಡಿ, ಲಿವರ್‌ಗಳನ್ನು ಕೆಳಕ್ಕೆ ಇಳಿಸಿ ನೋಡಿ. ಅನೇಕರಿಗೆ ಅಷ್ಟೇ ಸಾಕಾಗುತ್ತದೆ. ರೈಸರ್ ಹಾಕಿದರೆ ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿದಾಗ ಕೇಬಲ್ ಎಳೆಯುತ್ತಿಲ್ಲ ಎಂದು ಖಚಿತ ಮಾಡಿಕೊಳ್ಳಿ.

ಹೇಳಿಕೆ 7: "ಆಫ್‌ರೋಡ್‌ಗೆ ಎಬಿಎಸ್ ಕಿತ್ತು ಹಾಕಿ"

ತೀರ್ಪು: ಅಪಾಯಕಾರಿ

ಸಡಿಲ ಮಣ್ಣಿನಲ್ಲಿ ಲಾಕ್ ಆದ ಹಿಂದಿನ ಚಕ್ರ ತನ್ನ ಮುಂದೆ ಮಣ್ಣಿನ ಸಣ್ಣ ದಿಬ್ಬ ಗುಡ್ಡೆ ಹಾಕಿಕೊಂಡು ಬೇಗ ನಿಲ್ಲುತ್ತದೆ. ಎಬಿಎಸ್ ಹಾಗಾಗಲು ಬಿಡುವುದಿಲ್ಲ, ಆದ್ದರಿಂದ ಅಲ್ಲಿ ನಿಲ್ಲುವ ದೂರ ಹೆಚ್ಚಾಗಬಹುದು. ಈ ಕಾರಣಕ್ಕೇ ಹಲವು ಅಡ್ವೆಂಚರ್ ಬೈಕ್‌ಗಳಲ್ಲಿ ಹಿಂದಿನ ಎಬಿಎಸ್ ತಾತ್ಕಾಲಿಕವಾಗಿ ಬಂದ್ ಮಾಡುವ ಸ್ವಿಚ್ ಕೊಟ್ಟಿರುತ್ತಾರೆ. ಅದನ್ನು ಬಳಸಿ. ಫ್ಯೂಸ್ ಕಿತ್ತು ಅಥವಾ ವೈರ್ ಕತ್ತರಿಸಿ ಮುಂದಿನ ಎಬಿಎಸ್ ಸಹ ತೆಗೆದರೆ, ಅದೇ ದಿನ ಸಂಜೆ ಲಾರಿ ಎದುರಾಗುವ ಟಾರು ರಸ್ತೆಯಲ್ಲಿ ಅದರ ಬೆಲೆ ಕಟ್ಟಬೇಕಾಗುತ್ತದೆ. ದೇಶದಲ್ಲಿ 125 ಸಿಸಿ ಮೇಲ್ಪಟ್ಟ ಎಲ್ಲ ಹೊಸ ಬೈಕ್‌ಗಳಿಗೆ 2019ರ ಏಪ್ರಿಲ್‌ನಿಂದ ಎಬಿಎಸ್ ಕಡ್ಡಾಯ.

ಕಾನೂನು ಏನು ಹೇಳುತ್ತದೆ?

ಈ ಭಾಗವನ್ನು ಯಾವ ಫಾರ್ವರ್ಡ್ ಕೂಡ ಹೇಳುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಗೆ ಆರ್‌ಸಿಯ ವಿವರ ಹೊಂದದಂತೆ ವಾಹನ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಒಂದು ಪ್ರಕರಣದಲ್ಲಿ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್ ಪ್ರಕಾರ, ಅನುಮತಿ ಇಲ್ಲದ ಪ್ರತಿ ಬದಲಾವಣೆಗೆ ಮಾಲೀಕನಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಶಬ್ದ ಮತ್ತು ಹೊಗೆಯ ನಿಯಮ ಮೀರಿದರೆ 190ನೇ ಸೆಕ್ಷನ್ ಅಡಿ 10,000 ರೂಪಾಯಿವರೆಗೆ ದಂಡ ಮತ್ತು ಮೂರು ತಿಂಗಳು ಲೈಸೆನ್ಸ್ ಅನರ್ಹತೆ.

ಎಲ್‌ಇಡಿ ವಿಷಯ ಬೇರೆ ಹೇಳಬೇಕು. ಎದುರಿನವರ ಕಣ್ಣು ಕೋರೈಸುವ ದೀಪಗಳ ವಿರುದ್ಧ ರಾಜ್ಯದ ಪೊಲೀಸರು 2024ರ ಜುಲೈನಲ್ಲಿ ವಿಶೇಷ ಕಾರ್ಯಾಚರಣೆಯನ್ನೇ ನಡೆಸಿದರು. ತಾಂತ್ರಿಕವಾಗಿಯೂ ಮಿತಿ ಇದೆ. 40 ವ್ಯಾಟ್‌ನ ಎರಡು ದೀಪ ಹಾಕಿದರೆ 12 ವೋಲ್ಟ್ ಬ್ಯಾಟರಿಯಿಂದ ಸುಮಾರು 6.7 ಆಂಪಿಯರ್ ಕರೆಂಟ್ ಎಳೆಯುತ್ತವೆ. ರಿಲೇ, ಫ್ಯೂಸ್ ಇಲ್ಲದೆ ಹೆಡ್‌ಲೈಟ್ ವೈರ್‌ಗೇ ಜೋಡಿಸಿದರೆ ವೈರಿಂಗ್ ಸುಡಬಹುದು.

ಪ್ರಾಯೋಗಿಕ ಸಲಹೆ ಇಷ್ಟು: ಕಂಪನಿಯೇ ಆ ಮಾದರಿಗೆ ಮಾರುವ ಅಧಿಕೃತ ಬಿಡಿಭಾಗಗಳನ್ನು ಬಿಲ್ ಸಮೇತ ಹಾಕಿಸಿ. ವಿಮಾ ಕಂಪನಿಗೆ ತಿಳಿಸಿ. ತಿಳಿಸದ ಬದಲಾವಣೆ ಇದ್ದರೆ ಅಪಘಾತದ ನಂತರ ಕ್ಲೇಮ್‌ಗೆ ತಕರಾರು ಬರಬಹುದು.

ಹಾಗಾದರೆ ಹಣ ಯಾವ ಕ್ರಮದಲ್ಲಿ ಖರ್ಚು ಮಾಡಬೇಕು?

1. ಖರ್ಚಿಲ್ಲದ್ದು: ಗಾಳಿ, ಸ್ಯಾಗ್, ಹ್ಯಾಂಡಲ್ ಮತ್ತು ಲಿವರ್ ಕೋನ, ಮಡ್‌ಗಾರ್ಡ್ ಅಂತರ ಪರೀಕ್ಷೆ.
2. ನಿಮ್ಮ ದೇಹಕ್ಕೆ: ಐಎಸ್ಐ ಗುರುತಿನ ಪೂರ್ಣ ಹೆಲ್ಮೆಟ್, ಹಿಮ್ಮಡಿ ಗಂಟು ಮುಚ್ಚುವ ಗಟ್ಟಿ ಬೂಟು, ಗ್ಲೌಸ್, ಮೊಣಕಾಲು ಗಾರ್ಡ್.
3. ಟೈರ್, ಗೇಜ್, ಪಂಪ್, ಪಂಕ್ಚರ್ ಕಿಟ್.
4. ಬ್ಯಾಶ್ ಪ್ಲೇಟ್, ಹ್ಯಾಂಡ್ ಗಾರ್ಡ್.
5. ನಿಮ್ಮ ತೂಕಕ್ಕೆ ತಕ್ಕ ಸ್ಪ್ರಿಂಗ್, ಫುಟ್‌ಪೆಗ್, ರೈಸರ್.
6. ಕೊನೆಗೆ, ನಿಜಕ್ಕೂ ಬೇಕೆನಿಸಿದರೆ, ಚೀಲ ಮತ್ತು ನಿಯಮದೊಳಗಿನ ಹೆಚ್ಚುವರಿ ದೀಪ.

ಎರಡನೇ ಸಾಲನ್ನು ಹಾರಿಸಬೇಡಿ. ಹೊಲದ ದಾರಿಯಲ್ಲಿ ಬಿದ್ದರೆ ಅಲ್ಲಿಂದ ಟಾರು ರಸ್ತೆಗೆ, ಅಲ್ಲಿಂದ ದೇವದುರ್ಗಕ್ಕೆ, ಮೂಳೆ ಮುರಿದಿದ್ದರೆ ಅಲ್ಲಿಂದ ರಾಯಚೂರಿನ ರಿಮ್ಸ್‌ವರೆಗೆ ಹೋಗಬೇಕಾದೀತು. ಒಬ್ಬರೇ ಹೋಗಬೇಡಿ, ಹೋಗುವ ದಾರಿಯನ್ನು ಮನೆಯಲ್ಲಿ ಹೇಳಿ, ಬೇಸಿಗೆಯಲ್ಲಿ ಪೆಟ್ರೋಲಿಗಿಂತ ಮೊದಲು ನೀರಿನ ಲೆಕ್ಕ ಹಾಕಿ.

ಸವಾರಿ ಮುಗಿದ ಮೇಲೆ ಮಣ್ಣು ಒಣಗುವ ಮೊದಲೇ ತೊಳೆಯಿರಿ. ಒಣಗಿದ ಎರಿ ಎಂಜಿನ್‌ನ ರೆಕ್ಕೆಗಳ ಮೇಲೆ, ರೇಡಿಯೇಟರ್ ಮೇಲೆ ಕವಚದಂತೆ ಕೂತು ಬಿಸಿ ಹೊರಹೋಗದಂತೆ ತಡೆಯುತ್ತದೆ. ವಾಟರ್ ಸರ್ವೀಸ್‌ನ ಜೋರು ನೀರನ್ನು ಚಕ್ರದ ಬೇರಿಂಗ್, ಚೈನ್ ಮತ್ತು ರೇಡಿಯೇಟರ್ ಜಾಲರಿಗೆ ನೇರವಾಗಿ ಹಿಡಿಯಬೇಡಿ.

ಫಾರ್ವರ್ಡ್ ಮಾಡುವ ಮುನ್ನ

ಆ ಹುಡುಗನ ಕಾಲು ಈಗ ಸರಿಯಾಗಿದೆ. ಪೆಟ್ಟಿಗೆಗಳನ್ನು, ಎರಡು ಲೈಟ್‌ಗಳನ್ನು ಬಿಚ್ಚಿ ಮಾರಿದ. ಬಂದ ಹಣದಲ್ಲಿ ಒಂದು ಜೊತೆ ಬೂಟು ಮತ್ತು ಪಂಪ್ ತೆಗೆದುಕೊಂಡ. ಮಳೆ ಬಂದ ದಿನ ಎರಿ ಹೊಲದ ಕಡೆ ಹೋಗುವುದಿಲ್ಲ. ಮಸಾರಿ ದಾರಿ ಹಿಡಿಯುತ್ತಾನೆ, ಇಲ್ಲವೇ ಎರಡು ದಿನ ಬಿಸಿಲು ಬೀಳುವವರೆಗೆ ಕಾಯುತ್ತಾನೆ.

ಮುಂದಿನ ಸಲ "ಹತ್ತು ಪಾರ್ಟ್ಸ್" ಪಟ್ಟಿ ನಿಮ್ಮ ಗ್ರೂಪಿಗೆ ಬಂದರೆ ಅದರ ಕೆಳಗೆ ಈ ಮೂರು ಪ್ರಶ್ನೆ ಹಾಕಿ: ಇದು ಯಾವ ಮಣ್ಣಿಗೆ? ಇದರಿಂದ ತೂಕ ಎಷ್ಟು ಹೆಚ್ಚುತ್ತದೆ? ಇದಕ್ಕೆ ಆರ್‌ಟಿಒ ಒಪ್ಪುತ್ತದೆಯೇ? ಉತ್ತರ ಬರುವವರೆಗೆ ಶೇರ್ ಬಟನ್ ಒತ್ತಬೇಡಿ.